ಗೆದ್ದ ಊರಿನ ಲೆಕ್ಕ

ಸಿವಿಲೈಸೇಷನ್ 5ರಲ್ಲಿ ಶತ್ರುವಿನ ನಗರ ಕೈವಶವಾದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ರಾಜ್ಯಕ್ಕೆ ಸೇರಿಸಿಕೊಳ್ಳುವುದೋ, ಪಪೆಟ್ (ಕೈಗೊಂಬೆ) ಮಾಡಿ ಇಟ್ಟುಕೊಳ್ಳುವುದೋ, ಸುಟ್ಟು ನೆಲಸಮ ಮಾಡುವುದೋ? ಅದು ಮೂಲತಃ ಮೂರನೆಯವರ ಊರಾಗಿದ್ದರೆ ಅವರಿಗೇ ಮರಳಿಸುವ ದಾರಿಯೂ ಉಂಟು. ಫಿರಾಕ್ಸಿಸ್ 2010ರಲ್ಲಿ ತಂದ ಈ ಆಟದಲ್ಲಿ ಯುದ್ಧಕ್ಕಿಂತ ಅದರ ಮರುಗಳಿಗೆಯೇ ಹೆಚ್ಚು ಸ್ವಾರಸ್ಯದ್ದು.

ಪಪೆಟ್ ನಿಜಕ್ಕೂ ಜಾಣ ಕಲ್ಪನೆ. ಅದು ಹೊನ್ನು ಕೊಡುತ್ತದೆ, ವಿಜ್ಞಾನ ಕೊಡುತ್ತದೆ, ಆದರೆ ಏನು ಕಟ್ಟಬೇಕೆಂದು ನಾವು ಹೇಳುವಂತಿಲ್ಲ. ಗಡಿಗೆ ಕೋಟೆಗೋಡೆ ಬೇಕೆಂದು ನಾವು ಕಾದಿದ್ದರೆ ಅಲ್ಲಿ ಮಾರುಕಟ್ಟೆ ಏಳುತ್ತಿರುತ್ತದೆ. ಸೈನ್ಯವನ್ನಂತೂ ಅದು ಕೊಡುವುದೇ ಇಲ್ಲ. ಪೂರ್ತಿ ಸೇರಿಸಿಕೊಂಡರೆ ಹಿಡಿತ ಸಿಗುತ್ತದೆ, ಜೊತೆಗೆ ಸಾಂಸ್ಕೃತಿಕ ನೀತಿಗಳ ಬೆಲೆ ಏರುತ್ತದೆ, ಅತೃಪ್ತಿಯೂ ಉಕ್ಕುತ್ತದೆ. ಗೆದ್ದವನ ಕೈಯೂ ಎಲ್ಲ ಕಡೆ ಚಾಚದು ಎಂಬುದನ್ನು ಉಪದೇಶವಿಲ್ಲದೆ, ಬರೀ ನಿಯಮದಲ್ಲೇ ಹೇಳಿದ್ದು ಈ ಆಟದ ಹೆಚ್ಚುಗಾರಿಕೆ. ಆದರೆ ಪಪೆಟನ್ನು ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು, ಸೇರಿಸಿಕೊಂಡದ್ದನ್ನು ಮತ್ತೆ ಪಪೆಟ್ ಮಾಡಲಾಗದು. ಹೀಗಾಗಿ ಪಳಗಿದ ಆಟಗಾರರು ಮೊದಲು ಪಪೆಟ್ ಮಾಡಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳುತ್ತಾರೆ. ಮೂರು ಉತ್ತರಗಳಿದ್ದಂತೆ ಕಾಣುವ ಪ್ರಶ್ನೆಗೆ ಬಹುಪಾಲು ಉತ್ತರ ಒಂದೇ. (2013ರ ವಿಸ್ತರಣೆಯಾದ ಬ್ರೇವ್ ನ್ಯೂ ವರ್ಲ್ಡ್‌ನಲ್ಲಿ ಬಂದ ವೆನಿಸ್‌ಗೆ ಸೇರಿಸಿಕೊಳ್ಳುವ ಹಕ್ಕೇ ಇಲ್ಲ. ಆಡಲು ನನಗೆ ಅದೇ ಹೆಚ್ಚು ಇಷ್ಟ.)

ನನ್ನ ತಕರಾರು ಬೇರೆ. ಇಲ್ಲಿ ಸಂತೋಷ ಇಡೀ ಸಾಮ್ರಾಜ್ಯಕ್ಕೆ ಒಂದೇ ಅಂಕಿ. ಸೋತ ಊರಿನ ಸಂಕಟವೂ ಆ ಒಟ್ಟು ಮೊತ್ತಕ್ಕೆ ಬಂದು ಬೀಳುತ್ತದೆ, ಎಲ್ಲೋ ದೂರದಿಂದ ಬಂದ ರೇಷ್ಮೆ ತರುವ ಸಂತೋಷ ಅದನ್ನು ಸರಿದೂಗಿಸುತ್ತದೆ. ಆಮೇಲೆ ಒಂದು ನ್ಯಾಯಾಲಯ ಕಟ್ಟಿಸಿದರಾಯಿತು, ಆಕ್ರಮಣದ ಹೆಚ್ಚುವರಿ ಅತೃಪ್ತಿ ಅಳಿಸಿಹೋಗುತ್ತದೆ. ಕಟ್ಟಡಕ್ಕೆ ಆ ಹೆಸರಿಟ್ಟವರು ಒಳಗೊಳಗೇ ನಕ್ಕಿರಬೇಕು. 2005ರ ಸಿವಿಲೈಸೇಷನ್ 4 ಇಷ್ಟು ಮರೆಗುಳಿಯಾಗಿರಲಿಲ್ಲ. ಗೆದ್ದ ಊರಿನ ಜನರಲ್ಲಿ ಎಷ್ಟು ಪಾಲು ಹಳೆಯ ನಾಡಿನವರು ಎಂಬ ಲೆಕ್ಕ ಅಲ್ಲಿ ಉಳಿಯುತ್ತಿತ್ತು, ಅವರು ತಾಯ್ನಾಡಿಗಾಗಿ ಹಂಬಲಿಸುತ್ತ ಅತೃಪ್ತರಾಗುತ್ತಿದ್ದರು.

ಸುಡುವ ಆಯ್ಕೆಯಲ್ಲಿ ಈ ಒಂದೇ ಅಂಕಿಯ ಲೆಕ್ಕದ ಬಡತನ ಇನ್ನೂ ಢಾಳಾಗಿ ಕಾಣುತ್ತದೆ. ಪ್ರತಿ ಸರದಿಗೂ ಜನಸಂಖ್ಯೆಯ ಅಂಕಿ ಒಂದೊಂದೇ ಇಳಿಯುತ್ತದೆ. ಬೇಡವೆನಿಸಿದರೆ ನಡುವೆ ನಿಲ್ಲಿಸಬಹುದು. ಅಂದರೆ ಅತೃಪ್ತಿ ತಗ್ಗುವಷ್ಟು ಸುಟ್ಟು, ಉಳಿದದ್ದನ್ನು ಇಟ್ಟುಕೊಳ್ಳಬಹುದು! ಮೂಲ ರಾಜಧಾನಿಗಳನ್ನು ಮಾತ್ರ ಸುಡುವಂತಿಲ್ಲ, ಏಕೆಂದರೆ ದಂಡಯಾತ್ರೆಯ ಗೆಲುವಿಗೆ ಅವನ್ನು ಎಣಿಸಬೇಕು. ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜನ್ನು ನಾಶಮಾಡಿದರು. ಆಟದಲ್ಲಿ ರೋಮಿನ ನಾಯಕ ಅಗಸ್ಟಸ್ ಸೀಸರ್ ಡೈಡೊಳ ಕಾರ್ಥೇಜನ್ನು ಎಷ್ಟು ಹಗೆಯಿಂದ ಗೆದ್ದರೂ ಹಾಗೆ ಮಾಡಲಾರ. ಇದು ಕರುಣೆಯಲ್ಲ, ಅಂಕಪಟ್ಟಿಯ ಅನುಕೂಲ.

2018ರಲ್ಲಿ ಸಿವಿಲೈಸೇಷನ್ 6ಕ್ಕೆ ಸೇರಿದ ರೈಸ್ ಆ್ಯಂಡ್ ಫಾಲ್ ನಿಷ್ಠೆ ಎಂಬ ಅಳತೆ ತಂದಿತು. ಗೆದ್ದ ಊರು ಸುತ್ತಲಿನ ತನ್ನವರ ಒತ್ತಡಕ್ಕೆ ವಾಲಿ ಬಂಡೇಳಬಲ್ಲದು. ಚೆನ್ನಾಗಿದೆ, ಆದರೆ ಮದ್ದು ವಿಚಿತ್ರ: ಒಂದೂರು ಗೆದ್ದರೆ ಕೈಜಾರುತ್ತದೆ, ಅಕ್ಕಪಕ್ಕದವನ್ನೂ ಗೆದ್ದರೆ ನಿಲ್ಲುತ್ತದೆ. ಸಾಲದ್ದಕ್ಕೆ ಆರನೆಯದು ಪಪೆಟನ್ನೇ ಕೈಬಿಟ್ಟಿದೆ. ಮಾತು ಕೇಳದ ಪಪೆಟ್, ಬಂಡೇಳುವ ಊರು ಎರಡೂ ಒಂದೇ ಆಟದಲ್ಲಿ ಬೇಕಿತ್ತು ನನಗೆ.