ಕೆರೆ ಏರಿಯ ಮೇಲೆ ಇಂಗ್ಲಿಷ್

ಪಾಲಾರ್ ನದಿಯ ನೀರು ನಿಲ್ಲುವ ಬೇತಮಂಗಲದ ಕೆರೆ ಬಹಳ ಹಳೆಯದು. ಹತ್ತನೆಯ ಶತಮಾನದಲ್ಲಿ ನೊಳಂಬರು ಅದನ್ನು ದುರಸ್ತಿ ಮಾಡಿಸಿದರೆಂದು ಇಲ್ಲಿಯ ಶಾಸನ ಹೇಳುತ್ತದೆ. ಆಗ ಊರಿನ ಹೆಸರು ವಿಜಯಾದಿತ್ಯಮಂಗಲ. ಸಾವಿರ ವರ್ಷದ ಮೇಲೆ ಇದೇ ನೀರು ಕೆ.ಜಿ.ಎಫ್. ಗಣಿಯ ಜನಕ್ಕೆ ಕುಡಿಯಲು ಹೋಯಿತು. ಅದರ ಹಿಂದೆಯೇ ಊರಿನ ಬಾಯಿಗೆ ವಾಟರ್ ವರ್ಕ್ಸ್, ಪೈಪು, ಪಂಪು, ಫಿಲ್ಟರ್, ಟ್ಯಾಂಕು ಬಂದವು. ಈ ಮಾತುಗಳನ್ನು ನಿಧಾನವಾಗಿ ಸವಿದರೆ ಇಂಗ್ಲಿಷಿನ ಚರಿತ್ರೆಯೇ ನಾಲಿಗೆಗೆ ಸಿಗುತ್ತದೆ.

ಎಲ್ಲಕ್ಕೂ ಹಿರಿಯದು ‘ವಾಟರ್’. ಐದನೆಯ ಶತಮಾನದಲ್ಲಿ ಆಂಗಲ್, ಸ್ಯಾಕ್ಸನ್, ಜೂಟ್ ಜನ ಸಮುದ್ರ ದಾಟಿ ಬ್ರಿಟನ್ನಿಗೆ ಬಂದಾಗ ಜತೆಗೆ ತಂದ ಮಾತು ಅದು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ಆಸ್ಥಾನದ ಭಾಷೆ ಫ್ರೆಂಚ್ ಆಯಿತು, ಮುಂದೆ ನದಿಗೂ ಫ್ರೆಂಚಿನಿಂದ ಬಂದ ‘ರಿವರ್’ ಎಂಬ ಹೆಸರು ನಿಂತಿತು. ಕುಡಿಯುವ ನೀರು ಮಾತ್ರ ವಾಟರ್ ಆಗಿಯೇ ಉಳಿಯಿತು. ಬಾಯಾರಿದವನ ಮಾತನ್ನು ಯಾವ ದೊರೆಯೂ ಕಸಿಯಲಾರದೆ ಹೋದದ್ದು ನನಗೆ ಬಹಳ ಹಿಡಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಪೂಜೆಯ ಪಂಚಪಾತ್ರೆಯಲ್ಲಿರುವ ‘ಉದಕ’ವೂ ವಾಟರ್ ಕೂಡ ಒಂದೇ ಬೇರಿನವು! ‘ನೀರು’ ಬೇರೆ ಮನೆತನದ್ದು. ಈ ಸೀಮೆಯ ಕನ್ನಡ, ತೆಲುಗು, ತಮಿಳು ಮೂರಕ್ಕೂ ಸೇರಿದ್ದು.

‘ಪೈಪಿ’ನ ರುಚಿಯೇ ಬೇರೆ. ಲ್ಯಾಟಿನ್ನಿನಲ್ಲಿ ಹಕ್ಕಿಯ ಚಿಲಿಪಿಲಿಗಿದ್ದ ಮಾತು ಊದುವ ಕೊಳಲಿಗೆ ಹೆಸರಾಯಿತು, ಕೊಳಲಿನಿಂದ ಕೊಳವೆಗೆ ದಾಟಿತು. ಕನ್ನಡದಲ್ಲೂ ಕೊಳಲು, ಕೊಳವೆ ಒಂದೇ ಬಳಗದವಲ್ಲವೇ? ಹಳೆಯ ಇಂಗ್ಲಿಷಿನಲ್ಲಿ ಅದು ‘ಪೀಪೆ’. ಹದಿನೈದನೆಯ ಶತಮಾನದ ಹೊತ್ತಿಗೆ ಆ ಭಾಷೆಯ ದೀರ್ಘಸ್ವರಗಳೆಲ್ಲ ಜಾಗ ಬದಲಿಸತೊಡಗಿ, ‘ಈ’ ಇದ್ದದ್ದು ‘ಐ’ ಆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಕಾಗುಣಿತ ಗಟ್ಟಿಯಾಗುತ್ತ ಹೋಯಿತು, ಉಚ್ಚಾರ ಮಾತ್ರ ಮುಂದೆ ಹರಿಯಿತು. ನಮ್ಮ ಮಕ್ಕಳು ಇಂಗ್ಲಿಷ್ ಸ್ಪೆಲ್ಲಿಂಗಿಗೆ ತಿಣುಕುವುದರಲ್ಲಿ ಅವರ ತಪ್ಪಿಲ್ಲ. ಅದೇ ಲ್ಯಾಟಿನ್ ಮಾತು ಪೋರ್ಚುಗೀಸರ ಹಡಗು ಹತ್ತಿ ಬಂದು ನಮ್ಮಲ್ಲಿ ಪೀಪಾಯಿ ಆಗಿದೆ. ಇಂಗ್ಲಿಷ್ ಕಳೆದುಕೊಂಡ ಆ ‘ಈ’ ನಮ್ಮ ಪೀಪಾಯಿಯಲ್ಲಿ ಇಂದಿಗೂ ಭದ್ರವಾಗಿದೆ.

ಇನ್ನು ‘ಟ್ಯಾಂಕ್’. ಇದರ ಸೊಗಸಿಗೆ ಸಾಟಿಯಿಲ್ಲ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗಿದ್ದ ಮಾತು, ಪೋರ್ಚುಗೀಸಿನ ಕೊಳದ ಹೆಸರಿನೊಂದಿಗೆ ಬೆರೆತು, 17ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಆಗ ಅದಕ್ಕಿದ್ದ ಅರ್ಥ ಇಂಥ ಕೆರೆಯೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೊಸ ಉಕ್ಕಿನ ಯುದ್ಧಬಂಡಿಯ ಗುಟ್ಟು ಬಯಲಾಗದಿರಲಿ ಎಂದು ಅದನ್ನು ನೀರು ಸಾಗಿಸುವ ತೊಟ್ಟಿಯೆಂದು ಹಬ್ಬಿಸಿದರು. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೊಮ್ಮ್ ರಣರಂಗಕ್ಕೆ ಅದು ಇಳಿದದ್ದು ನಮ್ಮ ದೇಶದ ಕೆರೆಯ ಹೆಸರು ಹೊತ್ತು.

ಬೇತಮಂಗಲದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಇಂಗ್ಲಿಷಿನ ಒಂದು ಪಾಠವನ್ನಾದರೂ ಮಕ್ಕಳಿಗೆ ಕೆರೆ ಏರಿಯ ಮೇಲೆ ಮಾಡಿ.