ಹೆಸರಿಲ್ಲದ ದಲ್ಲಾಳಿ

ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿ ತರುವ ರೈತನಿಗೆ ದಲ್ಲಾಳಿ ಅಪರಿಚಿತನಲ್ಲ. ಆತನ ಮಂಡಿ ಎಲ್ಲಿದೆ, ಆತ ಯಾರ ಮಗ, ಹೋದ ವರ್ಷ ಯಾರ ಲೆಕ್ಕದಲ್ಲಿ ಎಡವಟ್ಟು ಮಾಡಿದ ಎಂಬುದೆಲ್ಲ ಊರಿಗೇ ಗೊತ್ತು. 1966ರ ರಾಜ್ಯ ಕಾಯಿದೆಯಂತೆ ಮಾರುಕಟ್ಟೆ ಸಮಿತಿಯ ಕಮಿಷನ್ ಏಜೆಂಟನಿಗೆ ಪರವಾನಗಿ ಬೇಕು. ದಲ್ಲಾಳಿಗಳ ಮೇಲೆ ನಮ್ಮ ರೈತರಿಗೆ ನೂರೆಂಟು ತಕರಾರುಗಳಿವೆ, ಅವು ಸುಳ್ಳೂ ಅಲ್ಲ. ಆದರೆ 'ಈತ ದಲ್ಲಾಳಿ' ಎಂಬುದಾದರೂ ಅಲ್ಲಿ ಗುಟ್ಟಲ್ಲ.

ಈಗ ಇನ್ನೊಂದು ಬಗೆಯ ದಲ್ಲಾಳಿ ನಮ್ಮ ನಡುವೆ ಇದ್ದಾನೆ. ಆತನಿಗೆ ಮಂಡಿಯಿಲ್ಲ, ತಕ್ಕಡಿಯಿಲ್ಲ, ಅನೇಕ ಸಲ ಹೆಸರೂ ಇಲ್ಲ. ಅಂತರ್ಜಾಲದಲ್ಲಿ ಆತನ ಕಸುಬಿಗೆ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಅಮೆಜಾನ್ ಕಂಪೆನಿ 1996ರಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಆರಂಭಿಸಿತು. ಕ್ರಮ ಸರಳವಾದುದು. ವೆಬ್‌ಸೈಟ್ ನಡೆಸುವವರಿಗೆ ಕಂಪೆನಿ ಒಂದು ಗುರುತಿನ ಸಂಕೇತ ಕೊಡುತ್ತದೆ. ಅವರು ತಮ್ಮ ಬರಹದಲ್ಲಿ ಆ ಸಂಕೇತವಿರುವ ಕೊಂಡಿಯನ್ನು ಹಾಕುತ್ತಾರೆ. ಓದುಗ ಅದನ್ನು ಒತ್ತಿ ಅಂಗಡಿಯೊಳಗೆ ಹೋಗಿ, ಸಾಮಾನ್ಯವಾಗಿ 24 ಗಂಟೆಗಳೊಳಗೆ ಏನಾದರೂ ಕೊಂಡರೆ ಬರೆದವರಿಗೆ ಶೇಕಡಾವಾರು ಕಮಿಷನ್. ಸರಕು ವಾಪಸಾದರೆ ಕಮಿಷನ್ ಇಲ್ಲ. ಸ್ವಂತ ಕೊಂಡಿಯಿಂದ ತಾನೇ ಕೊಳ್ಳುವಂತಿಲ್ಲ. ಸೇರಿದ 180 ದಿನಗಳಲ್ಲಿ ಮೂರು ಮಾರಾಟವಾದರೂ ಆಗದಿದ್ದರೆ ಖಾತೆ ಮುಚ್ಚುತ್ತದೆ. ಸಾವಿರ ಮಂದಿ ಓದಿ ಮೆಚ್ಚಿದರೂ ಒಬ್ಬನೂ ಕೊಳ್ಳದಿದ್ದರೆ ಬರೆದವನಿಗೆ ಬಿಡಿಗಾಸಿಲ್ಲ.

ಸಮಸ್ಯೆ ಹುಟ್ಟುವುದು ಈ ಕೊನೆಯ ಮಾತಿನಲ್ಲಿ. ಬೇಲೂರು, ಹಳೇಬೀಡುಗಳನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದೊಂದಿಗೆ ಇಲ್ಲಿಯ ದೇವಾಲಯಗಳೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇಂತಹ ಸ್ಥಳಗಳ ಬಗ್ಗೆ ಅಂತರ್ಜಾಲದಲ್ಲಿ ಬರಹಗಳಿಗೆ ಬರವಿಲ್ಲ. ಎಲ್ಲಿ ತಂಗಬೇಕು, ಯಾವ ಹೋಟೆಲ್ ಉತ್ತಮ, ಯಾವ ಬ್ಯಾಗ್ ಕೊಳ್ಳಬೇಕು ಎಂಬುದು ಅಲ್ಲಿ ಧಾರಾಳವಾಗಿ ಸಿಗುತ್ತದೆ. ಕೋಣೆ ಕಾದಿರಿಸಿದರೆ ಕಮಿಷನ್ ಇದೆ. ಹಳೇಬೀಡಿನ ಬಸ್ತಿಹಳ್ಳಿಯ ಜೈನ ಬಸದಿಗಳ ಬಗ್ಗೆ ಬರೆದರೆ ಇಲ್ಲ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ಯಾರೂ ಆನ್‌ಲೈನ್‌ನಲ್ಲಿ ಕೊಳ್ಳಲಾರರು. ಹೀಗೆ ಯಾವುದರಿಂದ ಹಣ ಹುಟ್ಟುತ್ತದೋ ಅದೇ 'ಮಾಹಿತಿ'ಯಾಗುತ್ತದೆ. ಉಳಿದದ್ದು ಹಿಂದೆ ಸರಿಯುತ್ತದೆ. ಸುಳ್ಳನ್ನು ಬರೆಯದೆಯೂ ಓದುಗನ ದಾರಿ ತಪ್ಪಿಸಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಹಾಗಾದರೆ ಈ ಸಂಪಾದನೆಯೇ ನಿಷಿದ್ಧವೇ? ಹಾಗೆ ಹೇಳಲಾಗದು. ದಲ್ಲಾಳಿಯ ಕೂಲಿಯಲ್ಲಿ ತಪ್ಪಿಲ್ಲ ಎಂಬ ಇಬ್ನು ಸೀರೀನ್, ಅತಾ, ಹಸನ್ ಮುಂತಾದ ಆರಂಭಕಾಲದ ವಿದ್ವಾಂಸರ ಅಭಿಪ್ರಾಯವನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಮದೀನಾದ ವರ್ತಕರನ್ನು ಜನರು 'ಸಮಾಸಿರಾ' ಅಂದರೆ ದಲ್ಲಾಳಿಗಳೆಂದು ಕರೆಯುತ್ತಿದ್ದಾಗ ಪ್ರವಾದಿ(ಸ)ಯವರು ಅವರಿಗೆ ವ್ಯಾಪಾರಿಗಳೆಂಬ ಹೆಚ್ಚು ಗೌರವದ ಹೆಸರು ಕೊಟ್ಟರು. ಜೊತೆಗೆ ವ್ಯಾಪಾರದಲ್ಲಿ ಪೊಳ್ಳು ಮಾತು, ಆಣೆಗಳು ನುಸುಳುವುದರಿಂದ ದಾನವನ್ನೂ ಬೆರೆಸಿರಿ ಎಂದು ಎಚ್ಚರಿಸಿದರು. ಗೌರವ ಮತ್ತು ಎಚ್ಚರಿಕೆ ಎರಡೂ ಒಟ್ಟಿಗೇ ಬಂದವು ಎಂಬುದು ಗಮನಾರ್ಹ. ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದ ಧಾನ್ಯದ ರಾಶಿಗೆ ಅವರು ಕೈಹಾಕಿ ಪರೀಕ್ಷಿಸಿದ ಘಟನೆಯೂ ನಮಗೆ ಗೊತ್ತಿದೆ. ಒದ್ದೆ ಧಾನ್ಯವನ್ನು ಮಾರಬಾರದೆಂದು ಅವರು ಹೇಳಲಿಲ್ಲ, ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದರು.

ಕಮಿಷನ್ನಿನ ವಿಚಾರವೂ ಹಾಗೆಯೇ ಮೇಲಿರಬೇಕಾದ ಸಂಗತಿ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆಯೇರಿಸಿ ಇತರರನ್ನು ವಂಚಿಸುವುದನ್ನು ಇಸ್ಲಾಮೀ ವ್ಯಾಪಾರ ಶಾಸ್ತ್ರ 'ನಜ್ಶ್' ಎಂದು ಕರೆದು ನಿಷೇಧಿಸಿದೆ. ಬಳಸದೇ ಇರುವ ಮಿಕ್ಸಿಯನ್ನು, ಮಲಗದೇ ಇರುವ ಹೋಟೆಲನ್ನು 'ನಮ್ಮ ಮೆಚ್ಚಿನದು' ಎಂದು ಹೊಗಳುವುದು ಅದರ ಸಂಬಂಧಿಯಲ್ಲದೆ ಮತ್ತೇನು?

ದೇಶದ ಕಾನೂನೂ ಈ ದಿಕ್ಕಿನಲ್ಲೇ ಸಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿ ತಪ್ಪಿಸುವ ಪ್ರಚಾರಕನಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಮಾರಾಟಗಾರನೊಂದಿಗಿನ ಹಣದ ನಂಟನ್ನು ಬಹಿರಂಗಪಡಿಸಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಆ ಸೂಚನೆ ಕೊಂಡಿಗಳ ಗೊಂಚಲಿನಲ್ಲಿ ಕಳೆದುಹೋಗಬಾರದೆಂದು 2023ರ ಜನವರಿಯ ಕೈಪಿಡಿ ಸೇರಿಸಿತು. ಕನ್ನಡದಲ್ಲಿ ಬರೆಯುವವರು ಇದನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬಚ್ಚಿಡಬೇಕಾಗಿಲ್ಲ. 'ಈ ಕೊಂಡಿಯಿಂದ ನೀವು ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಎಂಬ ಒಂದು ವಾಕ್ಯ ಸಾಕು.

ಸರಕು ಯಾವುದು ಎಂಬುದು ಇನ್ನೊಂದು ಪ್ರಶ್ನೆ. ಪುಸ್ತಕ, ಪಾತ್ರೆಗಳಷ್ಟೇ ಅಲ್ಲ, ಕ್ರೆಡಿಟ್ ಕಾರ್ಡ್ ಮತ್ತು ಸಾಲದ ಆ್ಯಪ್‌ಗಳ ಕೊಂಡಿಗಳೂ ಕಮಿಷನ್ ತರುತ್ತವೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಬಡ್ಡಿಯ ವಿಚಾರದಲ್ಲಿ ಮುಸ್ಲಿಮ್ ಯುವಕ ಕಾನೂನಿಗಾಗಿ ಕಾಯಬೇಕಾಗಿಲ್ಲ. ನೆರೆಮನೆಯವನನ್ನು ಸಾಲದ ಬಾಗಿಲಿಗೆ ಕರೆದೊಯ್ದು ಬಿಟ್ಟು 'ನಾನು ಬರೀ ದಾರಿ ತೋರಿಸಿದೆ' ಎಂದರೆ ಆತ್ಮಸಾಕ್ಷಿ ಒಪ್ಪುವುದೇ?

ಎಲ್ಲಕ್ಕಿಂತ ಅಪಾಯಕಾರಿ ಸರಕೆಂದರೆ ಕನಸು. ಮನೆಯಲ್ಲಿ ಕೂತು ತಿಂಗಳಿಗೆ ಲಕ್ಷ ಗಳಿಸಿ ಎಂದು ತರಬೇತಿ ಮಾರುವವರು, ಆ ತರಬೇತಿಯನ್ನೇ ಇನ್ನೊಬ್ಬರಿಗೆ ಮಾರಿಸಿ ಕಮಿಷನ್ ಕೊಡುತ್ತಾರೆ. ಅಲ್ಲಿ ಸರಕಿಗಿಂತ ಸದಸ್ಯರೇ ಮುಖ್ಯ. ನೇರ ಮಾರಾಟದ ಹೆಸರಿನಲ್ಲಿ ನಡೆಯುವ ಪಿರಮಿಡ್ ಯೋಜನೆಗಳನ್ನು 2021ರ ನಿಯಮಗಳು ನಿಷೇಧಿಸಿವೆ. ಉದ್ಯೋಗವಿಲ್ಲದ ಪದವೀಧರ, ಹೊರಗೆ ದುಡಿಯಲಾಗದ ಗೃಹಿಣಿ ಇಂತಹ ಮಾತಿಗೆ ಬೇಗ ಮರುಳಾಗುತ್ತಾರೆ. ಅವರ ಆಸೆಯನ್ನು ಹಳಿಯುವುದು ಸುಲಭ. ಆ ಅಸಹಾಯಕತೆಯೇ ಬಂಡವಾಳವಾಗುತ್ತಿರುವುದನ್ನು ಪ್ರಶ್ನಿಸಬೇಕಾಗಿದೆ.

ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಅವರೂ ಕೂಲಿ ಪಡೆದೇ ಕೆತ್ತಿದವರು. ಕೂಲಿಗೆ ನಾಚಲಿಲ್ಲ, ಕೆಲಸಕ್ಕೆ ಹೆಸರು ಕೊಡಲು ಅಂಜಲಿಲ್ಲ. ಇಂದು ವೆಬ್‌ಸೈಟಿನಿಂದ ಸಂಪಾದಿಸ ಹೊರಟಿರುವವರಿಂದ ಸಮಾಜ ಕೇಳುವುದೂ ಇಷ್ಟನ್ನೇ. ಗಳಿಸಿರಿ. ಆದರೆ ನೀವು ಯಾರು, ಯಾರಿಂದ ಕೂಲಿ ಪಡೆಯುತ್ತಿದ್ದೀರಿ, ಹೊಗಳುತ್ತಿರುವುದನ್ನು ನಿಜವಾಗಿ ಬಲ್ಲಿರಾ ಎಂಬುದನ್ನು ಹೇಳಿ ಗಳಿಸಿರಿ.