ನೀರಿನ ಪರೀಕ್ಷೆ ಕಾಣದ ಬೆಸುಗೆ

ಪರೀಕ್ಷೆ ಮುಗಿಸಿದ ಹೊಸ ಪೈಪ್‌ಲೈನನ್ನು ಚಾಲ್ತಿಯಲ್ಲಿರುವ ಹಳೆಯ ಲೈನಿಗೆ ಕೂಡಿಸುವ ಕೊನೆಯ ಬೆಸುಗೆಗೆ ಟೈ-ಇನ್ ಎಂದು ಹೆಸರು. ಪೈಪಿಂಗ್ ಕೆಲಸದವರು ಇದನ್ನು ‘ಗೋಲ್ಡನ್ ಜಾಯಿಂಟ್’ ಎಂದೂ ಕರೆಯುತ್ತಾರೆ. ಕೋಲಾರ ಜಿಲ್ಲೆಯ ಮಾಲೂರು, ನರಸಾಪುರ, ವೇಮಗಲ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಯೊಂದು ಹಬೆಯ ಲೈನನ್ನು ವಿಸ್ತರಿಸಹೊರಟರೆ ಈ ಜಾಯಿಂಟನ್ನು ತಪ್ಪಿಸಿಕೊಳ್ಳುವಂತಿಲ್ಲ.

ಉಳಿದ ಬೆಸುಗೆಗಳೆಲ್ಲ ನೀರಿನ ಒತ್ತಡದಲ್ಲಿ ಪರೀಕ್ಷೆಗೊಳ್ಳುತ್ತವೆ. ಪೈಪಿಂಗ್ ಕೆಲಸದ ಎಎಸ್‌ಎಂಇ ಬಿ31.3 ಸಂಹಿತೆಯಂತೆ ಈ ಒತ್ತಡ ವಿನ್ಯಾಸದ ಒತ್ತಡದ ಕನಿಷ್ಠ 1.5 ಪಟ್ಟು ಇರಬೇಕು. ಕನಿಷ್ಠ 10 ನಿಮಿಷ ನಿಲ್ಲಬೇಕು. ಟೈ-ಇನ್‌ಗೆ ಮಾತ್ರ ಈ ಪರೀಕ್ಷೆ ಕಷ್ಟ. ಹಳೆಯ ಲೈನನ್ನೆಲ್ಲ ಬರಿದು ಮಾಡಿ ನೀರು ತುಂಬಿಸಬೇಕು. 300 ಮಿ.ಮೀ. ಒಳವ್ಯಾಸದ ಒಂದು ಕಿಲೋಮೀಟರ್ ಪೈಪಿಗೇ ಸುಮಾರು 70 ಸಾವಿರ ಲೀಟರ್ ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಅದು ಸಣ್ಣ ಲೆಕ್ಕವಲ್ಲ.

ಇದಕ್ಕೆಂದೇ ಸಂಹಿತೆ ಒಂದು ವಿನಾಯಿತಿ ಕೊಟ್ಟಿದೆ: ಬೆಸುಗೆ ನಡೆಯುವಾಗಲೇ ಹಂತಹಂತದ ತಪಾಸಣೆ ಆಗಬೇಕು, ಆಮೇಲೆ ಇಡೀ ಜಾಯಿಂಟು ರೇಡಿಯೋಗ್ರಫಿಯಲ್ಲೋ ಅಲ್ಟ್ರಾಸೋನಿಕ್‌ನಲ್ಲೋ ಪಾಸಾಗಬೇಕು. ನಿಯಮ ಚೆನ್ನಾಗಿಯೇ ಇದೆ. ತೊಂದರೆ ಆಚರಣೆಯದು. ಶಟ್‌ಡೌನಿನ ಗಡಿಬಿಡಿಯಲ್ಲಿ ಮೊದಲ ಷರತ್ತು ಸಹಿಯ ಮಟ್ಟಕ್ಕೆ ಇಳಿದು, ರೇಡಿಯೋಗ್ರಫಿಯ ಫಿಲ್ಮ್ ಒಂದೇ ಸಾಕ್ಷಿಯಾಗಿಬಿಡುವ ಅಪಾಯವಿದೆ.

ಆ ಸಾಕ್ಷಿಗೆ ಮಿತಿಗಳಿವೆ. ಇರಿಡಿಯಂ-192 ವಿಕಿರಣ ಮೂಲದಿಂದ ತೆಗೆದ ಫಿಲ್ಮಿನಲ್ಲಿ ಗಾಳಿಗುಳ್ಳೆ, ಸಿಕ್ಕಿಕೊಂಡ ಸ್ಲ್ಯಾಗ್ ಸೊಗಸಾಗಿ ಕಾಣುತ್ತವೆ. ಪೈಪಿನ ಅಂಚಿಗೆ ಲೋಹ ಬೆರೆಯದೆ ಉಳಿದ ತೆಳು ಸೀಳು, ಕಿರಣಕ್ಕೆ ಓರೆಯಾಗಿದ್ದರೆ, ಕಣ್ಣು ತಪ್ಪಿಸಬಹುದು. ಒಡೆಯುವುದಕ್ಕೆ ಹೆಚ್ಚಾಗಿ ದಾರಿ ಮಾಡುವುದು ಇಂಥ ಸೀಳೇ. ಸರಿಯಾದ ಕೋನದ ಅಲ್ಟ್ರಾಸೋನಿಕ್ ಪ್ರೋಬ್ ಅದನ್ನು ಹಿಡಿಯಬಲ್ಲದು. ಅದಕ್ಕೆ ವಿಕಿರಣದ ಕಾಟವಿಲ್ಲ, ಸುತ್ತಲಿನವರನ್ನು ತೆರವು ಮಾಡಿಸಬೇಕಾಗಿಯೂ ಇಲ್ಲ. ಆದರೆ ಪ್ರೋಬ್ ಹಿಡಿದ ಕೈ ಪಳಗಿದ್ದಾಗಿರಬೇಕು.

ಇನ್ನೊಂದು ದೋಷ ಯಾವ ಉಪಕರಣಕ್ಕೂ ಸುಲಭಕ್ಕೆ ಸಿಗದು. ಎರಡು ತುದಿ ಕೂಡದಿದ್ದಾಗ ಚೈನ್ ಬ್ಲಾಕ್ ಹಾಕಿ ಎಳೆದು ಬೆಸೆದರೆ ಫಿಲ್ಮ್ ಶುಭ್ರವಾಗಿಯೇ ಬರುತ್ತದೆ, ಬಿಗಿತ ಮಾತ್ರ ಪೈಪಿನಲ್ಲೇ ಉಳಿಯುತ್ತದೆ. ರೂಟ್ ಪಾಸ್‌ಗೆ, ಅಂದರೆ ಬೆಸುಗೆಯ ಮೊದಲ ಪದರಕ್ಕೆ, ಮುನ್ನ ಅಂಚಿನ ತಯಾರಿ, ಗ್ಯಾಪ್, ನೇರ ನೋಡುವ ತಪಾಸಕನಷ್ಟೇ ಇದನ್ನು ತಡೆಯಬಲ್ಲ. ದಪ್ಪನೆಯ, ಹೆಚ್ಚು ಬಲದ ಉಕ್ಕಾದರೆ ಹೈಡ್ರೋಜನ್ ಬಿರುಕು ತಡವಾಗಿ ಮೂಡಬಹುದು. ಆದ್ದರಿಂದ ಬೆಸೆದ ತಕ್ಷಣ ಮಾಡಿದ ಪರೀಕ್ಷೆ ಸಾಲದು, 48 ಗಂಟೆ ಕಾಯುವ ರೂಢಿಯಿದೆ. ಅವಸರದ ಕಾಂಟ್ರಾಕ್ಟರಿಗೆ ಹಿಡಿಸದ ಮಾತು ಇದು!

2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ತರುತ್ತಿರುವ ಕೆ.ಸಿ. ವ್ಯಾಲಿಯಂಥ ನೀರಿನ ಯೋಜನೆಗಳ ಲೆಕ್ಕ ಬೇರೆ. ಆಳು ನುಸುಳುವಷ್ಟು ದೊಡ್ಡ ಉಕ್ಕಿನ ಕೊಳವೆಯಾದರೆ ಬೆಸುಗೆಯನ್ನು ಒಳಗಿನಿಂದಲೂ ನೋಡಬಹುದು. ಸೋರಿದರೆ ಹೊಲ ಒದ್ದೆಯಾದೀತು. ಹಬೆಯ ಲೈನು ಒಡೆದರೆ ಹತ್ತಿರದಲ್ಲಿದ್ದವರು ಬೇಯುತ್ತಾರೆ. ಅಲ್ಲಿ ಫಿಲ್ಮಿನ ಜೊತೆಗೆ ಅಲ್ಟ್ರಾಸೋನಿಕ್ ಪರೀಕ್ಷೆಯನ್ನೂ, ಬೆಸುಗೆಗೆ ಮುಂಚಿನ ತಪಾಸಕನ ಸಹಿಯನ್ನೂ ಟೆಂಡರಿನಲ್ಲೇ ಬರೆಸಬೇಕು.